ಹೋಮ್‌ಸ್ಟೇಯ ಹಾಟ್ ಟಬ್‌ನಲ್ಲಿ ನೀರು ತಿಳಿಯಾಗಿ ನಿಲ್ಲುತ್ತಿಲ್ಲ: ದೋಷ ಬಾವಿ ನೀರಿನದೋ, ಹಾಕುವ ಔಷಧಿಯದೋ?

ಕಡಲಂಚು, ಕುಮಟಾ

ನಮಸ್ಕಾರ. ಕುಮಟಾ ಮತ್ತು ಗೋಕರ್ಣದ ನಡುವೆ, ಚಿರೇಕಲ್ಲಿನ ಗುಡ್ಡದ ಅಂಚಿನಲ್ಲಿ ನಾವು ಒಂದು ಚಿಕ್ಕ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಅತಿಥಿಗಳು ಕೇಳುತ್ತಾರೆಂದು ಹಂಚಿನ ಮಾಡಿನ ಕೆಳಗೆ ಸುಮಾರು 1200 ಲೀಟರ್ ಹಿಡಿಯುವ ಅಕ್ರಿಲಿಕ್ ಹಾಟ್ ಟಬ್ ಒಂದನ್ನು ಕೂರಿಸಿದ್ದೇವೆ. ಪಂಪು, ಹೀಟರ್, ಕಾರ್ಟ್ರಿಜ್ ಫಿಲ್ಟರ್, ಮೇಲೆ ಮುಚ್ಚುವ ದಪ್ಪ ಹೊದಿಕೆ ಎಲ್ಲವೂ ಇವೆ. ನೀರನ್ನು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ.

ಬಾವಿಯಿಂದ ಎತ್ತಿದಾಗ ನೀರು ತಿಳಿಯಾಗಿಯೇ ಇರುತ್ತದೆ. ಆದರೆ ಟಬ್ ತುಂಬಿಸಿ, ಬ್ಲೀಚಿಂಗ್ ಪೌಡರ್ ಕದಡಿ ಹಾಕಿದ ಅರ್ಧ ತಾಸಿನೊಳಗೆ ಅದು ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಎರಡು ದಿನದಲ್ಲಿ ಬಣ್ಣ ತಗ್ಗಿದರೂ ಬಿಳಿ ಮಬ್ಬು ಉಳಿಯುತ್ತದೆ, ಜೆಟ್ ಹಾಕಿದರೆ ನೊರೆ ಏಳುತ್ತದೆ, ವಾರಾಂತ್ಯದ ಅತಿಥಿಗಳು ಹೋದ ಮೇಲೆ ಕಣ್ಣು ಉರಿಯುವಂಥ ಕ್ಲೋರಿನ್ ವಾಸನೆ ಬರುತ್ತದೆ. ವಾಸನೆ ಬಂದಿತೆಂದು ಕ್ಲೋರಿನ್ ಕಡಿಮೆ ಮಾಡಿದರೆ ಮಬ್ಬು ಹೆಚ್ಚುತ್ತದೆ. ಅಂಗಡಿಯವರು ಈಜುಕೊಳಕ್ಕೆ ಹಾಕುವ ದೊಡ್ಡ ಬಿಳಿ ಗುಳಿಗೆಗಳನ್ನು ತೇಲಿಬಿಡಿ ಎನ್ನುತ್ತಾರೆ. ನೆರೆಯವರು ಹಿಂದಿನ ಕಾಲದಂತೆ ಪಟಿಕ ತಿರುಗಿಸಿ ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ, ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.


ಕಾಳಿ ತೀರ, ಕಾರವಾರ

ಕಡಲಂಚಿನವರೇ, ನೀವು ಹೇಳಿದ ಬಣ್ಣ, ಮಬ್ಬು ಮತ್ತು ವಾಸನೆಗಳಿಗೆ ಒಂದೇ ಕಾರಣವಿಲ್ಲ. ಮೂರಕ್ಕೂ ಒಂದೇ ಔಷಧಿ ಹಾಕಲು ಹೋದದ್ದರಿಂದಲೇ ನೀರು ಹತೋಟಿಗೆ ಬರುತ್ತಿಲ್ಲ ಎಂದು ನನ್ನ ಅಭಿಪ್ರಾಯ.

ಮೊದಲು ಬಣ್ಣದ ವಿಷಯ. ಚಿರೇಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ, ಕಲ್ಲಿನ ಕೆಂಪೇ ಅದಕ್ಕೆ ಸಾಕ್ಷಿ. ಬಾವಿಯ ನೀರಿನಲ್ಲಿ ಅದು ಕರಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ಬಿದ್ದೊಡನೆ ಕಬ್ಬಿಣ ಉತ್ಕರ್ಷಣಗೊಂಡು ತುಕ್ಕಿನ ಸೂಕ್ಷ್ಮ ಕಣಗಳಾಗುತ್ತದೆ. ನೀವು ಕಂಡ ಬಣ್ಣ ಅದರದು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಟ್ಟೆಗೂ ಪಾತ್ರೆಗೂ ಕಲೆ ಹಿಡಿಯಲು ಆರಂಭವಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಟಬ್‌ನಲ್ಲಿ ನಡೆಯಗೊಡದೆ, ಹೊರಗೆ ಒಂದು ಸಿಂಟೆಕ್ಸ್ ತೊಟ್ಟಿಯಲ್ಲಿ ಮಾಡಿಕೊಳ್ಳಿ. ಬಾವಿಯ ನೀರನ್ನು ಎತ್ತರದಿಂದ ಚಿಮ್ಮುವಂತೆ ತೊಟ್ಟಿಗೆ ಬಿಟ್ಟು, ಸ್ವಲ್ಪ ಕ್ಲೋರಿನ್ ಬೆರೆಸಿ, ಒಂದೆರಡು ದಿನ ಕದಡದೆ ಬಿಟ್ಟರೆ ಕೆಂಪು ಗಸಿ ತಳಕ್ಕೆ ಕೂರುತ್ತದೆ. ಮೇಲಿನ ನೀರನ್ನು ಮಾತ್ರ ಕೊಳವೆಗೆ ಸೂಕ್ಷ್ಮ ಫಿಲ್ಟರ್ ಜೋಡಿಸಿ ಟಬ್‌ಗೆ ಹರಿಸಿ. ಪಟಿಕಕ್ಕೆ ಏನಾದರೂ ಸ್ಥಾನವಿದ್ದರೆ ಅದು ಈ ಹೊರಗಿನ ತೊಟ್ಟಿಯಲ್ಲಿ. ಟಬ್‌ಗೆ ಹಾಕಿದರೆ ಅದು ಕಟ್ಟುವ ಲೋಳೆಯಂಥ ಮುದ್ದೆಗಳು ಕಾರ್ಟ್ರಿಜ್‌ನ ಮಡಿಕೆಗಳಲ್ಲಿ ಕೂತು ನೀರಿನ ಹರಿವನ್ನೇ ಕಟ್ಟಿಹಾಕುತ್ತವೆ; ಅದರ ಮೇಲೆ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಕೂಡ ಇಳಿಯುತ್ತದೆ.

ಬಿಳಿ ಮಬ್ಬಿಗೆ ಬ್ಲೀಚಿಂಗ್ ಪೌಡರ್‌ನ ಸುಣ್ಣವೇ ಮೊದಲ ಕಾರಣವಾಗಿರಬಹುದು. ಬಾವಿಗೆ ಹಾಕಲು ಅದು ಸರಿ, ಏಕೆಂದರೆ ಅಲ್ಲಿ ಸುಣ್ಣ ತಳಕ್ಕಿಳಿದರೆ ಯಾರಿಗೂ ತೊಂದರೆಯಿಲ್ಲ. ಪಂಪು ಸದಾ ಕಲಕುವ, ಬಿಸಿಯಾದ ಚಿಕ್ಕ ಟಬ್‌ಗೆ ಅದು ತಕ್ಕುದಲ್ಲ. ನಮ್ಮ ಕರಾವಳಿಯ ತೇವದಲ್ಲಿ ಪೊಟ್ಟಣ ಒಡೆದ ಕೆಲವೇ ದಿನಗಳಲ್ಲಿ ಅದರ ಶಕ್ತಿಯೂ ಕುಂದುತ್ತದೆ, ಹಾಗಾಗಿ ಎಷ್ಟು ಚಮಚಕ್ಕೆ ಎಷ್ಟು ಕ್ಲೋರಿನ್ ಎಂಬ ಲೆಕ್ಕವೇ ಸಿಗುವುದಿಲ್ಲ. ಅದರ ಬದಲು ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿ. ಶೇಕಡಾ 10ರ ದ್ರಾವಣವಾದರೆ, 1200 ಲೀಟರ್‌ಗೆ ಸುಮಾರು 36 ಮಿಲಿಲೀಟರ್ ಹಾಕಿದಾಗ ಕ್ಲೋರಿನ್ 3 ಪಿಪಿಎಂ (ಅಂದರೆ ಲೀಟರಿಗೆ 3 ಮಿಲಿಗ್ರಾಂ) ಏರುತ್ತದೆ. ಕ್ಯಾನನ್ನು ನೆರಳಿನಲ್ಲಿಡಿ ಮತ್ತು ಹೊಸ ಸರಕನ್ನೇ ಕೇಳಿ ಪಡೆಯಿರಿ, ಏಕೆಂದರೆ ಸೆಕೆಗೆ ಇದೂ ಬಲಗುಂದುತ್ತದೆ.

ಇನ್ನು ಅಂಗಡಿಯವರು ಹೇಳಿದ ದೊಡ್ಡ ಗುಳಿಗೆ. ಅದು ಟ್ರೈಕ್ಲೋರ್ ಎಂಬ ಗಟ್ಟಿ ರೂಪದ ಕ್ಲೋರಿನ್, ಬಹಳ ಆಮ್ಲೀಯ. ದೊಡ್ಡ ಕೊಳದಲ್ಲಿ ನಡೆಯುವುದು ಸಣ್ಣ ಬಿಸಿ ಟಬ್‌ನಲ್ಲಿ ನಡೆಯುವುದಿಲ್ಲ. ಬಿಸಿಗೆ ಬೇಗ ಕರಗಿ ಅಕ್ರಿಲಿಕ್‌ಗೂ ಹೀಟರ್‌ಗೂ ಹಾನಿ ಮಾಡುತ್ತದೆ, ಜೊತೆಗೆ ಸಯನೂರಿಕ್ ಆಮ್ಲವನ್ನು ನೀರಿನಲ್ಲಿ ಪೇರಿಸುತ್ತಾ ಹೋಗುತ್ತದೆ. ಈ ಆಮ್ಲವು ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ ನಿಜ, ಆದರೆ ನಿಮ್ಮ ಟಬ್ ಮಾಡಿನ ಕೆಳಗೆ, ಹೊದಿಕೆಯೊಳಗೆ ಇರುವುದರಿಂದ ಆ ಕಾವಲು ಬೇಕಿಲ್ಲ. ಉಳಿಯುವುದು ಕ್ಲೋರಿನ್ನನ್ನು ನಿಧಾನ ಮಾಡುವ ಅದರ ಅವಗುಣ ಮಾತ್ರ. ಒಂದು ಎಚ್ಚರಿಕೆ: ಟ್ರೈಕ್ಲೋರ್ ಗುಳಿಗೆಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಎಂದಿಗೂ ಸೇರಿಸಬಾರದು, ಅವು ಸೇರಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಹಾಗೆಯೇ ಪಿಎಚ್ ಇಳಿಸುವ ಆಮ್ಲವನ್ನು ಹೈಪೋಕ್ಲೋರೈಟ್‌ನ ಹತ್ತಿರ ಸುಳಿಯಗೊಡಬೇಡಿ, ಏಳುವುದು ವಿಷಾನಿಲ.

ನಿಜವಾದ ಕೀಲಿ ಇರುವುದು ಪಿಎಚ್ ಮತ್ತು ಕ್ಷಾರೀಯತೆಯಲ್ಲಿ (ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರಿನ ಗುಣ). ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಕೊಲ್ಲುವ ಶಕ್ತಿಯುಳ್ಳ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಕುಸಿಯುತ್ತದೆ. ಆಗ ನೀವು ಹಾಕಿದಷ್ಟೂ ವ್ಯರ್ಥ. ಚಿರೇಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ, ಕ್ಷಾರೀಯತೆ ಕಡಿಮೆ. ಇಂಥ ನೀರಿನಲ್ಲಿ ಏನೇ ಹಾಕಿದರೂ ಪಿಎಚ್ ಅತ್ತಿತ್ತ ಓಲಾಡುತ್ತದೆ, ಹೀಟರ್‌ನ ಲೋಹವನ್ನೂ ನೀರು ತಿನ್ನುತ್ತದೆ. ಕ್ಷಾರೀಯತೆಯನ್ನು 80ರಿಂದ 120 ಪಿಪಿಎಂಗೆ ತರಲು ಸಾದಾ ಅಡುಗೆ ಸೋಡಾ ಸಾಕು: 1200 ಲೀಟರ್‌ಗೆ 80 ಗ್ರಾಂ ಹಾಕಿದರೆ ಸುಮಾರು 40 ಪಿಪಿಎಂ ಏರುತ್ತದೆ. ಜೆಟ್‌ಗಳ ಗಾಳಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟುವುದರಿಂದ ದಿನ ಕಳೆದಂತೆ ಪಿಎಚ್ ತಾನಾಗಿ ಏರುತ್ತದೆ. ಇಳಿಸಲು ಸೋಡಿಯಂ ಬೈಸಲ್ಫೇಟ್ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಳಸಿ. ಮೊದಲು ಕ್ಷಾರೀಯತೆ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್. ಈ ಕ್ರಮ ತಪ್ಪಿಸಬೇಡಿ.


ಘಟ್ಟದ ಮೇಲಿನವ, ಸಿರ್ಸಿ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಆದರೆ ನೀರಿಗಿಂತ ನೀರಿಗಿಳಿಯುವವರ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚಿದೆ. ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯ ಟಬ್‌ನಲ್ಲಿ ನೊರೆಗೆ ಮುಖ್ಯ ಕಾರಣ ತಲೆಗೆ ಹಚ್ಚಿದ ತೆಂಗಿನೆಣ್ಣೆ ಮತ್ತು ಈಜುಡುಪಿನಲ್ಲಿ ಉಳಿದ ಸಾಬೂನಿನ ಪುಡಿ. ನಿಮ್ಮಲ್ಲಿ ಸಮುದ್ರದಿಂದ ನೇರವಾಗಿ ಬರುವವರ ಮೈಮೇಲಿನ ಮರಳು, ಉಪ್ಪು, ಬಿಸಿಲಿನ ಕ್ರೀಮು ಸಹ ಸೇರುತ್ತವೆ. ಬಚ್ಚಲಿನಲ್ಲಿ ಮೈ ತೊಳೆದುಕೊಂಡೇ ಇಳಿಯಬೇಕು, ಉಡುಪನ್ನು ಬರಿನೀರಿನಲ್ಲಿ ಜಾಲಾಡಿರಬೇಕು ಎಂಬ ನಿಯಮವನ್ನು ಸಂಕೋಚವಿಲ್ಲದೆ ಬರೆದು ತೂಗುಹಾಕಿ. ಅತಿಥಿಗಳು ಬೇಸರಿಸುತ್ತಾರೆಂಬ ಭಯ ಬೇಡ. ಮಬ್ಬು ನೀರು ಕಂಡರೆ ಅದಕ್ಕಿಂತ ಹೆಚ್ಚು ಬೇಸರಿಸುತ್ತಾರೆ. ನೊರೆ ಇಳಿಸುವ ದ್ರಾವಣ ಸಿಗುತ್ತದೆ, ಆದರೆ ಅದು ಆ ಸಂಜೆಯ ಮಟ್ಟಿಗೆ ಮಾತ್ರ.

ಕಣ್ಣುರಿಸುವ ವಾಸನೆ ಕ್ಲೋರಿನ್ ಹೆಚ್ಚಾದದ್ದರ ಗುರುತಲ್ಲ. ಬೆವರು, ಮೂತ್ರಗಳ ಸಾರಜನಕದೊಂದಿಗೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು, ಅಂದರೆ ಕ್ಲೋರಿನ್ ಸಾಲದಾಗಿದೆ ಎಂದೇ ಅರ್ಥ. ಅತಿಥಿಗಳು ಹೊರಟ ರಾತ್ರಿ, ಹೊದಿಕೆ ತೆರೆದಿಟ್ಟು, ಪಂಪು ಚಾಲೂ ಇಟ್ಟು, ಕ್ಲೋರಿನ್ನನ್ನು 10 ಪಿಪಿಎಂವರೆಗೆ ಏರಿಸಿ ಬಿಡಿ. ಬೆಳಿಗ್ಗೆ ಅಳೆದು, ಇಳಿದ ಮೇಲೆಯೇ ಮುಂದಿನವರನ್ನು ಇಳಿಸಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹಳದಿ ಬಣ್ಣ ತೋರುವ ಹನಿ ಪರೀಕ್ಷೆ ಒಟ್ಟು ಕ್ಲೋರಿನ್ನನ್ನಷ್ಟೇ ತೋರಿಸುತ್ತದೆ, ಕೆಲಸಕ್ಕೆ ಉಳಿದಿರುವ ಮುಕ್ತ ಕ್ಲೋರಿನ್ ಎಷ್ಟೆಂದು ಅದರಿಂದ ತಿಳಿಯುವುದಿಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಕೊಳ್ಳಿ. ನೀರಿನಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಗಳಾದರೆ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಸಾಕು, ತೇವ ಹಿಡಿದು ಸುಳ್ಳು ಬಣ್ಣ ತೋರುತ್ತವೆ.

ಕಾರ್ಟ್ರಿಜನ್ನು ವಾರಕ್ಕೊಮ್ಮೆ ಪೈಪಿನ ನೀರಿನಲ್ಲಿ ಮಡಿಕೆ ಬಿಡಿಸಿ ತೊಳೆಯಿರಿ, ತಿಂಗಳಿಗೊಮ್ಮೆ ಎಣ್ಣೆ ಬಿಡಿಸುವ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ. ಎರಡು ಕಾರ್ಟ್ರಿಜ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡುತ್ತದೆ.

ನೀರು ಬದಲಿಸುವ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಟಬ್‌ನ ಲೀಟರುಗಳನ್ನು 11ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ದಿನಕ್ಕೆ ಸರಾಸರಿ ಇಳಿಯುವವರ ಸಂಖ್ಯೆಯಿಂದ ಭಾಗಿಸಿ. ದಿನಕ್ಕೆ ನಾಲ್ವರಾದರೆ ನಿಮ್ಮ ನೀರು ಸುಮಾರು 27 ದಿನ, ಎಂಟು ಮಂದಿಯಾದರೆ ಎರಡು ವಾರ ಮಾತ್ರ. ಯಾರೂ ಇಳಿಯದಿದ್ದರೂ ಮೂರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ವರ್ಷದ ಬಹುಕಾಲ ನೀರಿಗೇನು ಬರವಿಲ್ಲ, ಔಷಧಿಯ ಮೇಲೆ ಔಷಧಿ ಸುರಿಯುವುದಕ್ಕಿಂತ ಇದು ಅಗ್ಗವೂ ಹೌದು.


ಶರಾವತಿ ದಡ, ಹೊನ್ನಾವರ

ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಾಗಿದೆ ಎಂದುಕೊಳ್ಳಬಾರದು ಎಂಬುದನ್ನು ಸೇರಿಸಲು ಬಯಸುತ್ತೇನೆ. 25ರಿಂದ 45 ಡಿಗ್ರಿಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಕುಡಿದರೆ ಅಲ್ಲ, ಜೆಟ್‌ಗಳು ಎಬ್ಬಿಸುವ ತುಂತುರನ್ನು ಉಸಿರಾಡಿದರೆ ಅದು ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್‌ನಲ್ಲಿ ನಡೆದ ಹೂವಿನ ಪ್ರದರ್ಶನದಲ್ಲಿ, ಬರೀ ನೋಡಲೆಂದು ಇಟ್ಟಿದ್ದ ಹಾಟ್ ಟಬ್‌ನ ತುಂತುರಿನಿಂದ ಸೋಂಕು ಹರಡಿ 30ಕ್ಕೂ ಹೆಚ್ಚು ಜನ ಸತ್ತರು. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಈಜುಡುಪಿನ ಕೆಳಗೆ ತುರಿಸುವ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಹಾಟ್ ಟಬ್‌ಗೆ ಕನಿಷ್ಠ 3 ಪಿಪಿಎಂ ಕ್ಲೋರಿನ್ ಅಥವಾ 4 ಪಿಪಿಎಂ ಬ್ರೋಮಿನ್ ಇರಬೇಕೆನ್ನುತ್ತದೆ, ಉಷ್ಣತೆ 40 ಡಿಗ್ರಿ ಮೀರಬಾರದು ಎನ್ನುತ್ತದೆ.

ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಹೋಗುವ ಊರುಗಳಲ್ಲಿ ಇದು ಇನ್ನೂ ಮುಖ್ಯ. ಪಂಪು ನಿಂತ ಬೆಚ್ಚಗಿನ ಕೊಳವೆಗಳ ಒಳಗೋಡೆಗೆ ಲೋಳೆಯ ಪದರ ಕಟ್ಟುತ್ತದೆ, ಅದರೊಳಗೆ ಅಡಗಿದ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಮುಟ್ಟುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿಥಿಗಳಿಲ್ಲದಿದ್ದರೆ ಟಬ್ ಖಾಲಿ ಮಾಡಿ, ಕೊಳವೆಗಳ ನೀರನ್ನೂ ಬಸಿದು ಒಣಗಿಸಿಡಿ. ಮತ್ತೆ ಆರಂಭಿಸುವಾಗ ಕೊಳವೆ ಶುದ್ಧಿಯ ದ್ರಾವಣ ಹಾಕಿ ಜೆಟ್ ಓಡಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಹೊಸ ನೀರು ತುಂಬಿಸಿ.


ಕಡಲಂಚು, ಕುಮಟಾ

ಎಲ್ಲರಿಗೂ ಧನ್ಯವಾದಗಳು. ಬ್ಲೀಚಿಂಗ್ ಪೌಡರನ್ನು ಬಾವಿಗಷ್ಟೇ ಮೀಸಲಿಡುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಬ್ರೋಮಿನ್ ಬಳಸುವುದು ಲೇಸೇ? ಎರಡು ವಾರಕ್ಕೊಮ್ಮೆ 1200 ಲೀಟರ್ ಚೆಲ್ಲುವುದಾದರೆ ಅದನ್ನು ತೆಂಗು, ಅಡಿಕೆಗೆ ಬಿಡಬಹುದೇ?


ಕಾಳಿ ತೀರ, ಕಾರವಾರ

ಬ್ರೋಮಿನ್ ಬಿಸಿ ನೀರಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ, ಪಿಎಚ್ ತುಸು ಏರಿದರೂ ಕೆಲಸ ಮಾಡುತ್ತದೆ, ವಾಸನೆಯೂ ಕಡಿಮೆ. ಆದರೆ ದುಬಾರಿ, ಮತ್ತು ನಮ್ಮ ಕಡೆ ಬೇಕೆಂದಾಗ ಸಿಗುವುದಿಲ್ಲ. ಪ್ರತಿದಿನ ಅಳೆದು ಹಾಕುವ ಶಿಸ್ತು ನಿಮಗಿದ್ದರೆ ದ್ರವ ಕ್ಲೋರಿನ್ನೇ ಸಾಕು; ವಾರಕ್ಕೆ ಎರಡು ಸಲ ಮಾತ್ರ ನೋಡುವವರಿಗೆ ಬ್ರೋಮಿನ್.

ನೀರು ಚೆಲ್ಲುವ ಮೊದಲು ಹೊದಿಕೆ ತೆಗೆದು, ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಪರೀಕ್ಷೆಯಲ್ಲಿ ಸೊನ್ನೆ ಬರುವವರೆಗೆ ಕಾಯಿರಿ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಬೆರೆಸಬಹುದು. ಅಂಥ ನೀರನ್ನು ತೆಂಗಿನ ಬುಡಗಳಿಗೆ ಹಂಚಿ ಬಿಟ್ಟರೆ ತೊಂದರೆಯಿಲ್ಲ, ತೆಂಗು ಉಪ್ಪನ್ನು ಸಹಿಸುತ್ತದೆ. ಅಡಿಕೆಗೆ ಮತ್ತು ಕಾಳುಮೆಣಸಿನ ಬಳ್ಳಿಗೆ ಬೇಡ. ಬ್ರೋಮಿನ್ ಬಳಸಿದ ನೀರು ಮತ್ತು ಕೊಳವೆ ತೊಳೆದ ನೀರು ಯಾವ ಗಿಡಕ್ಕೂ ಬೇಡ, ಅದಕ್ಕೆ ಪ್ರತ್ಯೇಕ ಇಂಗುಗುಂಡಿ ಮಾಡಿ. ಗುಂಡಿ ಬಾವಿಯಿಂದ ದೂರವಿರಲಿ, ಇಳಿಜಾರಿನ ಕೆಳಗಡೆ ಇರಲಿ. ಚಿರೇಕಲ್ಲಿನಲ್ಲಿ ತೂತು, ಪೊಳ್ಳುಗಳು ತುಂಬಾ ಇರುವುದರಿಂದ ಮೇಲೆ ಚೆಲ್ಲಿದ ನೀರು ಸೋಸಿಕೊಳ್ಳಲು ಸಮಯವಿಲ್ಲದೆ ಬಾವಿ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ನೀರು ಉಪ್ಪಾಗಿ ರುಚಿಸಿದರೆ ಅದನ್ನು ಟಬ್‌ಗೆ ತುಂಬಿಸಲೂ ಬೇಡಿ, ಹೀಟರ್‌ನ ಸ್ಟೀಲನ್ನು ಅದು ಬೇಗ ತಿನ್ನುತ್ತದೆ. ಆ ಎರಡು ತಿಂಗಳು ಟ್ಯಾಂಕರ್ ನೀರು ತರಿಸಿ, ಅದನ್ನೂ ಮೊದಲು ಹೊರಗಿನ ತೊಟ್ಟಿಯಲ್ಲಿ ಪರೀಕ್ಷಿಸಿಕೊಳ್ಳಿ.