ಓಲಾಫ್ ಟುಫ್ಟೆ 2008ಕ್ಕೇ ನಿಲ್ಲಿಸಬೇಕಿತ್ತಾ?

ಹೊಳೆದಂಡೆ:
ನಿನ್ನೆ ರಾತ್ರಿ ಬೀಜಿಂಗ್ ಒಲಿಂಪಿಕ್ಸ್‌ನ ರೋಯಿಂಗ್ ಸಿಂಗಲ್ ಸ್ಕಲ್ಸ್ (ಒಬ್ಬರೇ ಎರಡು ಹುಟ್ಟು ಹಾಕುವ ದೋಣಿ ರೇಸ್) ಫೈನಲ್ ಮತ್ತೆ ನೋಡಿದೆ. ನಾರ್ವೆಯ ಓಲಾಫ್ ಟುಫ್ಟೆ ಕೊನೆಯಲ್ಲಿ ನುಗ್ಗಿ ಬಂದು, ಜೆಕ್ ದೇಶದ ಸಿನೆಕ್ ಅವರನ್ನು ಒಂದು ಸೆಕೆಂಡೂ ಇಲ್ಲದ ಅಂತರದಲ್ಲಿ ಸೋಲಿಸಿದ ರೇಸ್. ಅಥೆನ್ಸ್ 2004ರಲ್ಲೂ ಚಿನ್ನ ಅವರದೇ. ಅದಕ್ಕೂ ಮುಂಚೆ 2001 ಮತ್ತು 2003ರಲ್ಲಿ ವಿಶ್ವ ಚಾಂಪಿಯನ್. ಬೀಜಿಂಗ್ ಗೆದ್ದಾಗ ಅವರಿಗೆ 32 ವರ್ಷ, ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗನ್ನಿಸುತ್ತದೆ. ಲಂಡನ್‌ನಲ್ಲಿ 9ನೇ ಸ್ಥಾನ, ಆಮೇಲೂ ಬಿಡದೆ 45ನೇ ವಯಸ್ಸಿನಲ್ಲಿ ಟೋಕಿಯೋ. ಇದರಿಂದ ಅವರ ಹೆಸರು ಸ್ವಲ್ಪ ಮಾಸಲಿಲ್ವಾ?

ಎರಡುಹುಟ್ಟು:
ಇಲ್ಲ, ನಾನು ಒಪ್ಪಲ್ಲ. ನೀವು ನಡುವಿನ ರಿಯೋ 2016 ಬಿಟ್ಟೇಬಿಟ್ಟಿರಿ! ಅಲ್ಲಿ 40ನೇ ವಯಸ್ಸಿನಲ್ಲಿ ಶೆಟಿಲ್ ಬೋರ್ಕ್ ಜೊತೆ, ಇಬ್ಬರು ಸೇರಿ ಹುಟ್ಟು ಹಾಕುವ ಡಬಲ್ ಸ್ಕಲ್ಸ್‌ನಲ್ಲಿ ಕಂಚು ಗೆದ್ದರು. ಬೋರ್ಕ್ ಹುಟ್ಟಿದ್ದು 1990ರಲ್ಲಿ. ಟುಫ್ಟೆ ಅಟ್ಲಾಂಟಾದಲ್ಲಿ ಮೊದಲ ಒಲಿಂಪಿಕ್ಸ್ ಆಡುವಾಗ ಆ ಹುಡುಗ ಇನ್ನೂ ಆರು ವರ್ಷದವನು.

ಸಿಂಗಲ್‌ನಿಂದ ಡಬಲ್‌ಗೆ ಹೋಗುವುದು ಸುಲಭ ಅಂದುಕೊಳ್ಳಬೇಡಿ. ಸಿಂಗಲ್‌ನಲ್ಲಿ ದೋಣಿ ನಿಮ್ಮದು, ಲಯವೂ ನಿಮ್ಮದು, ಯಾವಾಗ ಜೋರು ಮಾಡಬೇಕು ಅಂತ ನೀವೊಬ್ಬರೇ ತೀರ್ಮಾನ ಮಾಡುತ್ತೀರಿ. ಡಬಲ್‌ನಲ್ಲಿ ಇಬ್ಬರ ನಾಲ್ಕು ಹುಟ್ಟುಗಳೂ ಒಂದೇ ಕ್ಷಣಕ್ಕೆ ನೀರಿಗೆ ಬೀಳಬೇಕು, ಒಂದೇ ಕ್ಷಣಕ್ಕೆ ಮೇಲೇಳಬೇಕು, ಚೂರು ಹಿಂದೆಮುಂದೆ ಆದರೂ ದೋಣಿ ತಡವರಿಸುತ್ತದೆ. ಎರಡು ಸಲ ಚಿನ್ನ ಗೆದ್ದ ಮನುಷ್ಯ ತನ್ನ ಲಯ ಬಿಟ್ಟು ತನಗಿಂತ 14 ವರ್ಷ ಚಿಕ್ಕವನ ಜೊತೆ ಹೊಂದಿಕೊಂಡರಲ್ಲ, ನನಗೆ ಅದು ಬೀಜಿಂಗ್‌ಗಿಂತ ದೊಡ್ಡದು. ಇನ್ನೊಂದು ವಿಷಯ, ಅವರ ಮೊದಲ ಪದಕವೂ ಡಬಲ್‌ನಲ್ಲೇ ಬಂದದ್ದು: ಸಿಡ್ನಿ 2000, ಫ್ರೆಡ್ರಿಕ್ ಬೆಕ್ಕೆನ್ ಜೊತೆ ಬೆಳ್ಳಿ.

ತಣ್ಣೀರು:
ವಯಸ್ಸಿನ ಬಗ್ಗೆ ಒಂದು ಮಾತು. ರೋಯಿಂಗ್ ನೋಡುವವರಿಗೆ ತೋಳಿನ ಆಟ ಅನ್ನಿಸುತ್ತದೆ, ಆದರೆ ಹೆಚ್ಚಿನ ಬಲ ಬರುವುದು ಕಾಲಿನಿಂದ. ಸೀಟು ಹಿಂದೆಮುಂದೆ ಜಾರುತ್ತದೆ, ಕಾಲು ಒದ್ದು ದೇಹವನ್ನು ಹಿಂದಕ್ಕೆ ತಳ್ಳಬೇಕು. 2000 ಮೀಟರ್, ಸಿಂಗಲ್‌ನಲ್ಲಿ ಏಳು ನಿಮಿಷದ ಹತ್ತಿರ. ಇದಕ್ಕೆ ಬೇಕಾಗುವ ದಮ್ಮು ವರ್ಷಗಟ್ಟಲೆ ಅಭ್ಯಾಸದಿಂದ ಕಟ್ಟಿದ್ದು, ಓಟಗಾರರ ವೇಗದಂತೆ ಬೇಗ ಹೋಗಿಬಿಡುವುದಿಲ್ಲ. ಅಥೆನ್ಸ್‌ನಲ್ಲಿ ಟುಫ್ಟೆ ಹಿಂದೆ ಬೆಳ್ಳಿ ಗೆದ್ದ ಎಸ್ಟೋನಿಯಾದ ಯೂರಿ ಯಾನ್ಸನ್‌ಗೆ ಆಗ 38, ಅವರು 42ರಲ್ಲಿ ಬೀಜಿಂಗ್‌ಗೆ ಹೋಗಿ ಡಬಲ್‌ನಲ್ಲಿ ಮತ್ತೆ ಬೆಳ್ಳಿ ತಂದರು.

ಟುಫ್ಟೆ ಬರೀ ಕ್ರೀಡಾಪಟು ಅಲ್ಲ, ರೈತ ಕೂಡ. ಓಸ್ಲೋ ಕೊಲ್ಲಿಯ ದಂಡೆಯ ಹೋರ್ಟೆನ್ ಕಡೆಯವರು, ಅಲ್ಲಿನ ಕ್ಲಬ್ಬಿನ ದೋಣಿಯಲ್ಲೇ ಬೆಳೆದವರು. ಹೊಲದ ಕೆಲಸವೂ ರೋಯಿಂಗ್ ಅಭ್ಯಾಸವೂ ಎರಡೂ ವರ್ಷಪೂರ್ತಿ ನಡೆಯಬೇಕು, ಯಾರೂ ಚಪ್ಪಾಳೆ ತಟ್ಟದ ದಿನಗಳೇ ಜಾಸ್ತಿ. ಅಂಥವರಿಗೆ ಪದಕ ಬಂತು ಅಂತ ನಿಲ್ಲಿಸುವ ಯೋಚನೆ ಬರದಿದ್ದರೆ ಆಶ್ಚರ್ಯ ಏನಿಲ್ಲ ಅನ್ನಿಸುತ್ತದೆ ನನಗೆ.

ಹೊಳೆದಂಡೆ:
ರಿಯೋ ನಾನು ನಿಜಕ್ಕೂ ಮರೆತಿದ್ದೆ, ತಪ್ಪಾಯ್ತು. ಲಂಡನ್‌ನ 9ನೇ ಸ್ಥಾನದ ಆಮೇಲೆ ಪದಕವೇ ಇಲ್ಲ ಅಂತ ಲೆಕ್ಕ ಹಾಕಿಬಿಟ್ಟಿದ್ದೆ. ಟೋಕಿಯೋದಲ್ಲಿ ಪದಕ ಬರಲಿಲ್ಲ ಅಲ್ವಾ?

ಎರಡುಹುಟ್ಟು:
ಬರಲಿಲ್ಲ. ಅಲ್ಲಿ ಕ್ವಾಡ್‌ನಲ್ಲಿದ್ದರು, ನಾಲ್ವರಲ್ಲಿ ಒಬ್ಬರಾಗಿ. ಆದರೆ ಏಳು ಒಲಿಂಪಿಕ್ಸ್ ಆಡಿದ ಮೊದಲ ರೋಯರ್ ಆದರು. ಅದೇ ಟೋಕಿಯೋದಲ್ಲಿ ಸಿಂಗಲ್ ಸ್ಕಲ್ಸ್‌ಗೆ ನಾರ್ವೆಯಿಂದ ಇಳಿದದ್ದು ಬೋರ್ಕ್. ಬೆಳ್ಳಿ ಗೆದ್ದರು. ಮೊದಲು ರಿಯೋ ರೇಸ್ ನೋಡಿ, ಆಮೇಲೆ ಇದನ್ನು ನೋಡಿ.