ಸಹಾಯ ಬೇಕು: ಪೂಲ್ ನೀರು ಡಿಕಾಕ್ಷನ್ ಆಗಿ, ಈಗ ಟೈಲ್ಸ್ ತುಂಬ ಕಲೆ

ನಮಸ್ಕಾರ. ಸರ್ಜಾಪುರ ರಸ್ತೆ ಕಡೆ ನಮ್ಮ ಅಪಾರ್ಟ್‌ಮೆಂಟು. ಈ ವರ್ಷ ಪೂಲ್ ಉಸ್ತುವಾರಿ ನನ್ನ ತಲೆಗೆ ಬಂದಿದೆ. ಕಾವೇರಿ ನೀರು ಕುಡಿಯೋಕೇ ಸಾಲದು, ಪೂಲ್‌ಗೆ ಬೋರ್‌ವೆಲ್ ನೀರೇ ಗತಿ. ಹೋದ ಶನಿವಾರ ತುಂಬಿಸಿದಾಗ ಕನ್ನಡಿ ಹಾಗಿತ್ತು. ರಾತ್ರಿ ಕ್ಲೋರಿನ್ ಜಾಸ್ತಿ ಹಾಕಿಸಿದೆ, ಬೆಳಗ್ಗೆ ನೋಡಿದ್ರೆ ಥೇಟ್ ಡಿಕಾಕ್ಷನ್! ನೀರಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ಸೇರಿ ತುಕ್ಕಾಗಿದೆ ಅಂತ ಆಮೇಲೆ ತಿಳೀತು.

ಮೂರು ದಿನ ಫಿಲ್ಟರ್ ಓಡಿಸಿ ನೀರೇನೋ ತಿಳಿಯಾಯ್ತು. ಆದರೆ ಮೆಟ್ಟಿಲ ಬಿಳಿ ಟೈಲ್ಸ್ ಮೇಲೆ, ಏಣಿ ಬುಡದಲ್ಲಿ ಕಂದು ಕಲೆ ಕೂತುಬಿಟ್ಟಿದೆ. ಬ್ರಷ್‌ಗೆ ಜಗ್ಗಲ್ಲ. ವಿಟಮಿನ್ ಸಿ ಮಾತ್ರೆ ಅರ್ಧ ನಿಮಿಷ ಒತ್ತಿ ಹಿಡಿದೆ, ಸರಿಯಾಗಿ ಮಾತ್ರೆಯಷ್ಟಗಲ ಬೆಳ್ಳಗಾಯ್ತು. ಹಾಗಾದ್ರೆ ಕಬ್ಬಿಣದ್ದೇ ಕಲೆ.

ಪೂಲ್ ಹುಡುಗ "ಆಸಿಡ್ ಸುರಿಯೋಣ ಸಾರ್" ಅಂತಾನೆ. ಟೈಲ್ಸ್ ಸಂದಿಗೆ ತುಂಬಿರೋ ಗ್ರೌಟ್ ತಿಂದುಹಾಕುತ್ತೆ ಅಂತ ನಾನು ಬಿಟ್ಟಿಲ್ಲ.

ಪೂಲ್ ಸುಮಾರು 80 ಸಾವಿರ ಲೀಟರ್, ಪಿಎಚ್ 7.8. ಆಸ್ಕಾರ್ಬಿಕ್ ಆಸಿಡ್ ಪುಡಿ (ಅದೇ ವಿಟಮಿನ್ ಸಿ) ಹಾಕಿದವರು ಯಾರಾದ್ರೂ ಇದ್ದೀರಾ? ಎಷ್ಟು ಕೆಜಿ ಹಿಡೀತು, ಮೊದಲು ಕ್ಲೋರಿನ್ ಎಷ್ಟಕ್ಕೆ ಇಳಿಸಿದ್ರಿ? ಕಬ್ಬಿಣ ಮತ್ತೆ ಕೂರದ ಹಾಗೆ ಹಾಕೋ ಸೀಕ್ವೆಸ್ಟ್ರಂಟ್ ಬೆಂಗಳೂರಲ್ಲಿ ಚಿಲ್ಲರೆಯಾಗಿ ಎಲ್ಲಿ ಸಿಗುತ್ತೆ? ಮಕ್ಕಳು ದಿನಾ ಸಂಜೆ ಬಂದು ಪೂಲ್ ಗೇಟ್ ಅಲ್ಲಾಡಿಸಿ ಹೋಗ್ತಾರೆ.