ಸಹಾಯ ಬೇಕು: ‘ಹಯ್ ಇಬ್ನ್ ಯಕ್ಝಾನ್’ ಓದಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. 12ನೇ ಶತಮಾನದಲ್ಲಿ ಸ್ಪೇನಿನ ಅಂದಲೂಸಿಯಾದ ವೈದ್ಯ ಇಬ್ನ್ ತುಫೈಲ್ ಅರಬ್ಬಿಯಲ್ಲಿ ಬರೆದ ಕಥೆ ಇದು. ನಮ್ಮ ಓದುಗರ ಬಳಗದಲ್ಲಿ ಇದರ ಬಗ್ಗೆ ನಾನು ಮಾತಾಡಬೇಕಿದೆ.

ಜನರಿಲ್ಲದ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಹುಡುಗನ ಕಥೆ. ಜಿಂಕೆ ಸತ್ತಾಗ, ಎಲ್ಲೋ ಏನೋ ಕೆಟ್ಟಿದೆ, ಸರಿ ಮಾಡೋಣ ಅಂತ ಚೂಪು ಕಲ್ಲಿನಿಂದ ಅದರ ಎದೆ ಸೀಳುತ್ತಾನೆ. ಹೃದಯದ ಒಂದು ಕೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತ, ಇನ್ನೊಂದು ಖಾಲಿ. ಇಲ್ಲಿದ್ದದ್ದೇ ಹೊರಟುಹೋಗಿದೆ ಅಂದುಕೊಳ್ಳುತ್ತಾನೆ. ಈ ಭಾಗ ಓದಿ ನನಗಂತೂ ಮೈ ಜುಂ ಅಂತು. ಆಮೇಲೆ ಬೆಂಕಿ, ನಕ್ಷತ್ರ, ಕೊನೆಗೆ ದೇವರವರೆಗೂ ಅವನು ಒಬ್ಬನೇ ಯೋಚಿಸುತ್ತಾ ಹೋಗುತ್ತಾನೆ.

ನನಗೆ ಬೇಕಾದ್ದು ಇಷ್ಟು. ಕನ್ನಡದಲ್ಲಿ ಇದರ ಅನುವಾದ ಬಂದಿದೆಯಾ? ಒಂದೆರಡು ಅಧ್ಯಾಯ ಸಿಕ್ಕರೂ ಸಾಕು. ಸೈಮನ್ ಆಕ್ಲಿಯ 1708ರ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತದೆ, ಆದರೆ ಭಾಷೆ ತುಂಬಾ ಹಳೇದು, ಗಟ್ಟಿಯಾಗಿ ಓದಿದರೆ ಜನ ಎದ್ದು ಹೋಗ್ತಾರೆ. ಲೆನ್ ಗುಡ್‌ಮನ್ ಅನುವಾದ ಯಾರ ಹತ್ತಿರವಾದರೂ ಇದ್ದರೆ, ಓದಲು ಸಲೀಸಾ ಹೇಳಿ.

ಇನ್ನೊಂದು ಅನುಮಾನ. ಹುಡುಗ ಮಣ್ಣಿನಿಂದ ತಾನೇ ಹುಟ್ಟಿದ ಅಂತ ಒಂದು ಕಡೆ, ರಾಜನ ತಂಗಿ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟಳು ಅಂತ ಇನ್ನೊಂದು ಕಡೆ. ಎರಡನ್ನೂ ಹೇಳಿ ಲೇಖಕ ಸುಮ್ಮನಾಗುತ್ತಾನೆ. ಬೇಕಂತಲೇ ಹಾಗೆ ಬಿಟ್ಟಿದ್ದಾನೆ ಅಂತ ನನ್ನ ಊಹೆ. ನಿಮಗೇನನ್ನಿಸುತ್ತೆ? ಅರಬ್ಬಿ ಬಲ್ಲವರು ಯಾರಾದರೂ ಹೇಳಿದರೆ ಇನ್ನೂ ಒಳ್ಳೇದು.